ಬೆರಳು ಬೆಳ್ಳಗಾಗದ ಊರಿನಲ್ಲಿ ಕಂಪನದ ಬೇನೆ

ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ಮನೆಗೆ ಪಾಯ ತೆಗೆಯುವಾಗ ನಾಲ್ಕೈದು ಅಡಿ ಮಣ್ಣಿನ ಕೆಳಗೆ ಹಾಸುಬಂಡೆ ಎದುರಾಗುವುದು ಅಪರೂಪವಲ್ಲ. ಲಾಲ್‌ಬಾಗಿನಲ್ಲಿ ಗುಡ್ಡವಾಗಿ ಮೇಲೆದ್ದು ನಿಂತಿರುವ, ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ನೈಸ್ ಶಿಲೆಯ ಬಳಗವೇ ಊರಿನ ಬಹುಭಾಗದ ಅಡಿಯಲ್ಲಿ ಚಾಚಿಕೊಂಡಿದೆ. ಜನವಸತಿಯ ನಡುವೆ ಮದ್ದು ಇಟ್ಟು ಬಂಡೆ ಸಿಡಿಸಲು ಆಗದಿರುವುದರಿಂದ, ಕಂಪ್ರೆಸರ್‌ಗೆ ಜೋಡಿಸಿದ ಜ್ಯಾಕ್ ಹ್ಯಾಮರನ್ನೋ ವಿದ್ಯುತ್ತಿನ ಬ್ರೇಕರನ್ನೋ ಹಿಡಿದು ಒಬ್ಬ ಮನುಷ್ಯ ದಿನಗಟ್ಟಲೆ ಆ ಕಲ್ಲಿನೊಡನೆ ಗುದ್ದಾಡುತ್ತಾನೆ. ಅಕ್ಕಪಕ್ಕದ ಮನೆಯವರಿಗೆ ತಲುಪುವುದು ಅದರ ಸದ್ದು ಮಾತ್ರ. ಸಂಜೆ ಯಂತ್ರ ನಿಂತ ಕೂಡಲೇ ಅವರ ಪಾಲಿನ ತೊಂದರೆ ಮುಗಿಯುತ್ತದೆ. ಹಿಡಿದವನ ಕೈಯಲ್ಲಿ ಅದು ಮುಗಿದಿರುವುದಿಲ್ಲ. ಊಟದ ತಟ್ಟೆಯ ಮುಂದೆ ಕುಳಿತಾಗಲೂ ಬೆರಳ ತುದಿಗಳು ಜುಮುಜುಮು ಎನ್ನುತ್ತಿರುತ್ತವೆ. ನಡುರಾತ್ರಿ ಕೈಗೆ ಜೋಮು ಹಿಡಿದು ಎಚ್ಚರವಾಗುತ್ತದೆ. ಕೈ ಕೊಡವಿಕೊಂಡು ಮತ್ತೆ ಮಲಗಬೇಕಾಗುತ್ತದೆ.

ಈ ಜೋಮಿಗೆ ವೈದ್ಯಶಾಸ್ತ್ರದಲ್ಲಿ ಹೆಸರಿದೆ. ಕಂಪಿಸುವ ಕೈಯಂತ್ರಗಳನ್ನು ವರ್ಷಗಟ್ಟಲೆ ಹಿಡಿದವರ ರಕ್ತನಾಳ, ನರ, ಸ್ನಾಯು ಮತ್ತು ಕೀಲುಗಳಲ್ಲಿ ಉಂಟಾಗುವ ಹಾನಿಯನ್ನು ಒಟ್ಟಾಗಿ ಕೈ-ತೋಳು ಕಂಪನ ಬೇನೆ ಎನ್ನಬಹುದು. ಆದರೆ ಜಗತ್ತಿಗೆ ಈ ಬೇನೆಯ ಪರಿಚಯವಾದದ್ದು ಅದರ ಒಂದೇ ಒಂದು ಮುಖದ ಮೂಲಕ, ಅದೂ ಚಳಿ ದೇಶಗಳಲ್ಲಿ ಮಾತ್ರ ಎದ್ದು ಕಾಣುವ, ಬೆರಳು ಬಿಳಿಚಿಕೊಳ್ಳುವ ಮುಖದ ಮೂಲಕ. ಬೆಂಗಳೂರಿನಂತಹ ಊರಿನಲ್ಲಿ ಆ ಮುಖ ಬಹುತೇಕ ಕಾಣಿಸುವುದೇ ಇಲ್ಲ. ಕಾಣದ್ದರಿಂದ ಬೇನೆಯೇ ಇಲ್ಲವೆಂದು ಭಾವಿಸಲಾಗುತ್ತಿದೆ ಎಂಬುದು ನನ್ನ ಅನುಮಾನ. ಇಲ್ಲಿ ಹೆಚ್ಚು ಸವೆಯುವುದು ನರ, ಅದು ಸವೆಯುವುದಕ್ಕೆ ಹೊರಗಿನ ಯಾವ ಗುರುತೂ ಬೇಕಾಗಿಲ್ಲ.

ಚರಿತ್ರೆಯಿಂದ ಶುರು ಮಾಡಿದರೆ ಈ ತಪ್ಪು ತಿಳಿವಳಿಕೆಯ ಮೂಲ ಸಿಗುತ್ತದೆ. ಚಳಿ ತಾಗಿದಾಗ ಕೆಲವರ ಬೆರಳುಗಳಿಗೆ ರಕ್ತ ಹರಿಯುವುದು ತಟ್ಟನೆ ನಿಂತು, ಅವು ಸುಣ್ಣ ಬಳಿದಂತೆ ಬಿಳಿಚಿಕೊಳ್ಳುವುದನ್ನು ಫ್ರಾನ್ಸಿನ ವೈದ್ಯ ಮಾರಿಸ್ ರೇನೋ 1862ರಲ್ಲಿ ವಿವರಿಸಿದ. ಅದಾಗಿ ಕೆಲವು ದಶಕಗಳಿಗೆ ಗಾಳಿಯ ಒತ್ತಡದಿಂದ ಓಡುವ ಸುತ್ತಿಗೆಗಳು ಗಣಿ ಮತ್ತು ಕಲ್ಲುಕ್ವಾರಿಗಳಿಗೆ ಬಂದವು. ಇಟಲಿಯ ಜೊವಾನಿ ಲೊರಿಗಾ 1911ರಲ್ಲಿ ಇಂತಹ ಯಂತ್ರ ಹಿಡಿದವರ ಕೈಗಳಲ್ಲಿ ಅದೇ ಬಿಳುಪನ್ನು ಗುರುತಿಸಿದ. 1918ರಲ್ಲಿ ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಇಂಡಿಯಾನಾ ರಾಜ್ಯದ ಬೆಡ್‌ಫರ್ಡ್ ಊರಿನ ಸುಣ್ಣಕಲ್ಲು ಕೆತ್ತುವವರನ್ನು ಪರೀಕ್ಷಿಸಿದಾಗ, ಉಳಿಯನ್ನು ಹಿಡಿಯುವ ಎಡಗೈಯ ಬೆರಳುಗಳೇ ಹೆಚ್ಚು ಬಾಧೆಗೊಳಗಾಗಿದ್ದವು. ಚಳಿಗಾಲದ ಮುಂಜಾನೆಗಳಲ್ಲಿ ತೊಂದರೆ ಉಲ್ಬಣಿಸುತ್ತಿತ್ತು. ಕಣ್ಣಿಗೆ ರಾಚುವ ಈ ಲಕ್ಷಣದಿಂದಾಗಿ ಬೇನೆಗೆ ‘ಬಿಳಿ ಬೆರಳು’ ಎಂಬ ಹೆಸರೇ ಅಂಟಿಕೊಂಡಿತು. ಬ್ರಿಟನ್ 1985ರಲ್ಲಿ ಇದನ್ನು ಪರಿಹಾರಕ್ಕೆ ಅರ್ಹವಾದ ಔದ್ಯೋಗಿಕ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದೂ ಅದೇ ಹೆಸರಿನಲ್ಲಿ.

ಬೆರಳು ಬಿಳಿಚಬೇಕಾದರೆ ಕಂಪನದಿಂದ ಹದಗೆಟ್ಟ ರಕ್ತನಾಳಗಳ ಜೊತೆಗೆ ಚಳಿಯೂ ಬೇಕು. ಬೆಂಗಳೂರಿನ ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುತ್ತದೆ, ಹತ್ತು ಗಂಟೆಯ ಹೊತ್ತಿಗೆ ಬಿಸಿಲು ಏರಿರುತ್ತದೆ. ಎರಡು ಡಿಗ್ರಿಯ ಚಳಿಯಲ್ಲಿ ಕಾಡಿನಲ್ಲಿ ಮರ ಕಡಿಯುವ ಫಿನ್ಲೆಂಡಿನವನಿಗೆ ಆಗುವ ಅನುಭವ ಇಲ್ಲಿನ ಗಾರೆ ಕೆಲಸದವನಿಗೆ ಆಗುವುದು ವಿರಳ. ಉಷ್ಣ ಪ್ರದೇಶಗಳ ಕೆಲಸಗಾರರನ್ನು ಪರೀಕ್ಷಿಸಿದ ಅಧ್ಯಯನಗಳಲ್ಲಿಯೂ ಬಿಳಿ ಬೆರಳು ಕಡಿಮೆ, ಜುಮುಗುಟ್ಟುವಿಕೆ ಮತ್ತು ಮರಗಟ್ಟುವಿಕೆ ಹೆಚ್ಚು ಎಂಬ ಚಿತ್ರವೇ ಸಾಮಾನ್ಯವಾಗಿ ಸಿಕ್ಕಿದೆ. ನರದ ಹಾನಿಗೆ ಚಳಿ ಅನಿವಾರ್ಯವಲ್ಲ, ಯಂತ್ರವೊಂದಿದ್ದರೆ ಸಾಕು.

ನರಕ್ಕೆ ಆಗುವುದೇನು ಎಂಬುದನ್ನು ತಿಳಿಯಲು ಬೆರಳ ತುದಿಯ ಒಳರಚನೆಯನ್ನು ಸ್ವಲ್ಪ ನೋಡಬೇಕು. ಕತ್ತಲಲ್ಲಿ ಜೇಬಿಗೆ ಕೈ ಹಾಕಿ ಐದು ರೂಪಾಯಿ ನಾಣ್ಯವನ್ನೂ ಎರಡು ರೂಪಾಯಿ ನಾಣ್ಯವನ್ನೂ ಬೇರ್ಪಡಿಸಿ ತೆಗೆಯುವುದು ನಮಗೆ ದೊಡ್ಡ ಕೆಲಸವೆನಿಸುವುದಿಲ್ಲ. ಆದರೆ ಅದರ ಹಿಂದೆ ನಾಲ್ಕು ಬಗೆಯ ಸ್ಪರ್ಶ ಗ್ರಾಹಕಗಳು ಒಟ್ಟಿಗೆ ದುಡಿಯುತ್ತಿರುತ್ತವೆ. ಚರ್ಮದ ಮೇಲ್ಪದರಕ್ಕೆ ಹತ್ತಿರವಿರುವ ಮರ್ಕೆಲ್ ಗ್ರಾಹಕಗಳು ಅಂಚು ಮತ್ತು ಆಕಾರವನ್ನು ಗ್ರಹಿಸುತ್ತವೆ. ಮೈಸ್ನರ್ ಗ್ರಾಹಕಗಳು ವಸ್ತು ಜಾರತೊಡಗಿದ್ದನ್ನು, ಸುಮಾರು 50 ಹರ್ಟ್ಜ್‌ಗಿಂತ (ಸೆಕೆಂಡಿಗೆ 50 ಸಲಕ್ಕಿಂತ) ಕಡಿಮೆ ಆವರ್ತನದ ನಡುಕವನ್ನು ತಿಳಿಸುತ್ತವೆ. ರಫಿನಿ ಗ್ರಾಹಕಗಳು ಚರ್ಮದ ಎಳೆತವನ್ನು ಅಳೆಯುತ್ತವೆ. ಆಳದಲ್ಲಿ, ಈರುಳ್ಳಿಯಂತೆ ಪದರ ಪದರವಾಗಿರುವ ಪಸಿನಿಯನ್ ಗ್ರಾಹಕಗಳು ವೇಗದ ಕಂಪನಕ್ಕೆ, ಅದರಲ್ಲೂ 250 ಹರ್ಟ್ಜ್ ಸುತ್ತಮುತ್ತಲಿನ ಕಂಪನಕ್ಕೆ, ಅತ್ಯಂತ ಸೂಕ್ಷ್ಮವಾಗಿರುತ್ತವೆ. ಇವುಗಳ ಸುದ್ದಿಯನ್ನು ಹೊತ್ತೊಯ್ಯುವುದು ಮಯಲಿನ್ ಎಂಬ ಕೊಬ್ಬಿನ ಹೊದಿಕೆಯುಳ್ಳ ದಪ್ಪ ನರತಂತುಗಳು. ತಂಪಿನ ಸುದ್ದಿಗೆ ತೆಳು ಹೊದಿಕೆಯ ಸಣ್ಣ ತಂತುಗಳಿವೆ. ಬಿಸಿಗೆ ಹೊದಿಕೆಯೇ ಇಲ್ಲದ, ಇನ್ನೂ ಸಣ್ಣ ತಂತುಗಳಿವೆ. ಕಂಪನದ ಏಟು ದಪ್ಪ ಮತ್ತು ಸಣ್ಣ ತಂತುಗಳೆರಡಕ್ಕೂ ಬೀಳುತ್ತದೆ.

ಒಂದು ದಿನದ ಕೆಲಸದಿಂದ ಉಂಟಾಗುವ ಮಂಕು ತಾತ್ಕಾಲಿಕವಾದದ್ದು. ಗ್ರಾಹಕಗಳು ದಣಿಯುತ್ತವೆ, ಬೆರಳಿನ ಸಣ್ಣ ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ನರದ ಒಳಗೆ ನೀರು ತುಂಬಿ ಸಣ್ಣ ಊತ ಕಟ್ಟಿಕೊಳ್ಳುತ್ತದೆ. ರಾತ್ರಿಯ ವಿಶ್ರಾಂತಿಯಲ್ಲಿ ಇವೆಲ್ಲ ಇಳಿಯಬಹುದು. ಆದರೆ ನರವೂ ರಕ್ತದಿಂದಲೇ ಬದುಕುವ ಅಂಗಾಂಶವಾದ್ದರಿಂದ, ಊತ ಪೂರ್ತಿ ಇಳಿಯುವ ಮೊದಲೇ ಮರುದಿನದ ಕಂಪನ ಬಂದು ಬಡಿಯುತ್ತಾ ಹೋದರೆ ಅದರ ಒಳಗಿನ ಒತ್ತಡ ಹೆಚ್ಚುತ್ತದೆ, ಮಯಲಿನ್ ಹೊದಿಕೆ ಕಳಚುತ್ತದೆ, ಹೊದಿಕೆ ಕಳೆದುಕೊಂಡ ಕಡೆ ಸುದ್ದಿಯ ಓಟ ನಿಧಾನವಾಗುತ್ತದೆ, ಕೆಲವು ತಂತುಗಳು ಪೂರ್ತಿ ಸತ್ತು ಅವುಗಳ ಜಾಗದಲ್ಲಿ ಗಾಯದ ಕಲೆಯಂತಹ ನಾರು ಬೆಳೆಯುತ್ತದೆ. ಕೆಲಸಗಾರರ ಬೆರಳುಗಳಿಂದ ಚೂರು ಅಂಗಾಂಶ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡದ್ದು ಇದೇ: ಮಯಲಿನ್ ನಷ್ಟ, ಸುತ್ತಲೂ ನಾರು. ನಾರು ಬೆಳೆದ ಮೇಲೆ ನರ ಹಿಂದಿನ ಸ್ಥಿತಿಗೆ ಮರಳುವುದು ಕಷ್ಟ.

ಎಲ್ಲ ಯಂತ್ರಗಳೂ ಒಂದೇ ಜಾಗದಲ್ಲಿ ಕಾಡುವುದಿಲ್ಲ ಎಂಬುದು ಇಲ್ಲಿ ಮುಖ್ಯ. ನಿಮಿಷಕ್ಕೆ 1,200 ಏಟು ಹಾಕುವ ಬ್ರೇಕರ್ ಎಂದರೆ ಸೆಕೆಂಡಿಗೆ 20 ಏಟು, ಅಂದರೆ 20 ಹರ್ಟ್ಜ್. ಇಂತಹ ನಿಧಾನದ, ಭಾರೀ ಏಟು ಅಂಗೈಯಲ್ಲಿ ನಿಲ್ಲದೆ ಮಣಿಕಟ್ಟು, ಮೊಣಕೈ, ಕೆಲವೊಮ್ಮೆ ಭುಜದವರೆಗೂ ಹಾಯುತ್ತದೆ. ಇನ್ನೊಂದು ಕಡೆ, ಗ್ರಾನೈಟ್ ಅಂಚು ತೀಡಲೂ ವೆಲ್ಡಿಂಗ್ ಗಂಟು ಉಜ್ಜಲೂ ಬಳಸುವ ನಾಲ್ಕಿಂಚಿನ ಕೈ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಲೆಕ್ಕ ಹಾಕಿದರೆ 180 ಹರ್ಟ್ಜ್‌ಗೂ ಮೇಲೆ. ಈ ವೇಗದ ಕಂಪನ ಮೊಣಕೈವರೆಗೆ ಹೋಗುವುದೇ ಇಲ್ಲ. ಬೆರಳಿನ ಮೃದು ಮಾಂಸವೇ ಅದನ್ನು ಹೀರಿಕೊಳ್ಳುತ್ತದೆ, ಎಂದರೆ ಎಲ್ಲವೂ ಬೆರಳಿನಲ್ಲಿಯೇ ಖರ್ಚಾಗುತ್ತದೆ. ಗ್ರೈಂಡರ್ ಹಿಡಿದವನಿಗೆ ತೋಳು ನೋಯದಿರುವುದರಿಂದ ಅದು ಹಗುರದ ಯಂತ್ರವೆಂಬ ಭಾವನೆ ಬರುತ್ತದೆ. ಜಿಗಣಿಯ ಕಲ್ಲು ಪಾಲಿಶ್ ಕಾರ್ಖಾನೆಗಳು, ಪೀಣ್ಯದ ಫ್ಯಾಬ್ರಿಕೇಷನ್ ಶೆಡ್‌ಗಳು, ಕೋಲಾರ ಜಿಲ್ಲೆಯ ಶಿವಾರಪಟ್ಟಣದಲ್ಲಿ ಉಳಿ ಸುತ್ತಿಗೆಯ ಜೊತೆಗೆ ಈಗ ಗ್ರೈಂಡರನ್ನೂ ಹಿಡಿಯುವ ಶಿಲ್ಪಿಗಳು, ಹೀಗೆ ಈ ಹಗುರದ ಯಂತ್ರ ಸುತ್ತಾಡದ ಜಾಗವಿಲ್ಲ.

ಹಾನಿಯ ಇನ್ನೊಂದು ಜಾಗ ಮಣಿಕಟ್ಟು. ಅಲ್ಲಿ ಮೂಳೆಗಳ ಕಮಾನು ಮತ್ತು ಬಿಗಿಯಾದ ನಾರುಪಟ್ಟಿಯ ನಡುವಿನ ಇಕ್ಕಟ್ಟಾದ ಸುರಂಗದಲ್ಲಿ ಬೆರಳು ಮಡಚುವ ಒಂಬತ್ತು ಸ್ನಾಯುರಜ್ಜುಗಳ ಜೊತೆ ಮೀಡಿಯನ್ ನರವೂ ಹಾದು ಹೋಗುತ್ತದೆ. ಯಂತ್ರವನ್ನು ಬಲವಾಗಿ ಹಿಡಿದು, ಮಣಿಕಟ್ಟು ಬಗ್ಗಿಸಿ, ಕಂಪನದ ಜೊತೆಗೆ ದುಡಿದಾಗ ಸುರಂಗದೊಳಗೆ ಊತ ಬಂದು ನರ ಅದುಮಿಹೋಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನಲ್ಲಿ ನಡುಬೆರಳ ಕಡೆಗಿರುವ ಅರ್ಧ ಈ ನರದ ಸೀಮೆ. ನಡುರಾತ್ರಿ ಜೋಮು ಹಿಡಿದು ಎಬ್ಬಿಸುವುದು, ಕೈ ಕೊಡವಿದರೆ ಹಿತವಾಗುವುದು, ಕಿರುಬೆರಳು ಮಾತ್ರ ಚೆನ್ನಾಗಿರುವುದು, ಇವು ಕಾರ್ಪಲ್ ಟನಲ್ ಎಂಬ ಈ ತೊಂದರೆಯ ಗುರುತುಗಳು. ಕಿರುಬೆರಳೂ ಸೇರಿ ಎಲ್ಲ ಬೆರಳುಗಳ ತುದಿಯೂ ಮಂಕಾಗಿದ್ದರೆ ಅನುಮಾನ ಬೆರಳಿನೊಳಗಿನ ನರಗಳ ಮೇಲೆ ಬೀಳುತ್ತದೆ. ಎರಡೂ ಒಬ್ಬನಲ್ಲಿಯೇ ಇರಬಹುದು. ಇದ್ದಾಗ ಬೇರ್ಪಡಿಸಿ ನೋಡುವುದು ಯಾಕೆ ಮುಖ್ಯವೆಂಬುದು ಮುಂದೆ ಬರುತ್ತದೆ.

ಬೇನೆ ಎಷ್ಟು ಮುಂದುವರಿದಿದೆ ಎಂದು ಅಳೆಯಲು ವೈದ್ಯರು ಬಳಸುವುದು 1986ರಲ್ಲಿ ಸ್ಟಾಕ್‌ಹೋಮಿನಲ್ಲಿ ರೂಪುಗೊಂಡ ಅಳತೆಪಟ್ಟಿಯನ್ನು. ಅದರ ದೊಡ್ಡ ಗುಣವೆಂದರೆ ರಕ್ತನಾಳದ ತೊಂದರೆಗೆ ಒಂದು ಪಟ್ಟಿ, ನರದ ತೊಂದರೆಗೆ ಇನ್ನೊಂದು ಪಟ್ಟಿ ಎಂದು ಬೇರೆ ಮಾಡಿರುವುದು, ಅದೂ ಎಡಗೈಗೆ ಬೇರೆ, ಬಲಗೈಗೆ ಬೇರೆ. ಒಂದಿಲ್ಲದೆ ಇನ್ನೊಂದು ಇರಬಹುದು ಎಂಬ ಒಪ್ಪಿಗೆ ಅದರಲ್ಲಿ ಅಡಗಿದೆ. ನರದ ಪಟ್ಟಿಯಲ್ಲಿ ಮೊದಲ ಹಂತದಲ್ಲಿ ಜೋಮು ಬಂದು ಹೋಗುತ್ತದೆ. ಎರಡನೆಯ ಹಂತದಲ್ಲಿ ಜೋಮಿನ ಜೊತೆಗೆ ಸ್ಪರ್ಶವೂ ಮಂದವಾಗುತ್ತದೆ. ಮೂರನೆಯದರಲ್ಲಿ ಮುಟ್ಟಿದ್ದು ಏನೆಂದು ಬೆರಳಿಗೆ ಗೊತ್ತಾಗುವುದಿಲ್ಲ, ಕೈಚಳಕ ತಪ್ಪುತ್ತದೆ. ಅಂಗಿಯ ಗುಂಡಿ ಹಾಕಲು ಕಣ್ಣಿನ ಸಹಾಯ ಬೇಕಾಗುವುದು, ಸಣ್ಣ ನಟ್ಟು ಬೋಲ್ಟಿನ ಮೇಲೆ ಕೂರದೆ ಜಾರುವುದು, ಬಿಸಿ ಟೀ ಲೋಟ ಸುಟ್ಟ ಮೇಲೆ ತಿಳಿಯುವುದು ಈ ಹಂತದ ಸಂಗತಿಗಳು. ಯಂತ್ರ ಕೆಳಗಿಟ್ಟು 20 ನಿಮಿಷ ಕಳೆದರೂ ಜುಮುಗುಟ್ಟುವುದು ನಿಲ್ಲುತ್ತಿಲ್ಲವೆಂದರೆ ಅದನ್ನು ದಣಿವೆಂದು ತಳ್ಳಿಹಾಕಬಾರದು.

ಇಲ್ಲಿ ಒಂದು ವಿಷವರ್ತುಲವೂ ಇದೆ. ಸ್ಪರ್ಶ ಮಂದವಾದ ಕೈಗೆ ತಾನು ಎಷ್ಟು ಬಲವಾಗಿ ಹಿಡಿದಿದ್ದೇನೆ ಎಂಬುದು ತಿಳಿಯುವುದಿಲ್ಲ. ಯಂತ್ರ ಜಾರೀತೆಂಬ ಭಯದಿಂದ ಅದು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಬಿಗಿಯಾಗಿ ಹಿಡಿದಷ್ಟೂ ಕಂಪನ ಹೆಚ್ಚು ಹೆಚ್ಚಾಗಿ ಕೈಯೊಳಗೆ ದಾಟುತ್ತದೆ.

ಈಗ ಲೆಕ್ಕಕ್ಕೆ ಬರೋಣ, ಯಾಕೆಂದರೆ ಎಷ್ಟು ಹೊತ್ತು ಹಿಡಿದರೆ ಅಪಾಯ ಎಂಬ ಪ್ರಶ್ನೆಗೆ ಉತ್ತರವಿರುವುದು ಅಲ್ಲಿ. ಕಂಪನದ ತೀವ್ರತೆಯನ್ನು ವೇಗೋತ್ಕರ್ಷದ ಲೆಕ್ಕದಲ್ಲಿ, ಮೀ/ಸೆ² ಎಂಬ ಮಾನದಲ್ಲಿ ಹೇಳುತ್ತಾರೆ. ಯುರೋಪ್ ಒಕ್ಕೂಟ 2002ರ ನಿರ್ದೇಶನದಲ್ಲಿ ಎಂಟು ಗಂಟೆಯ ದಿನಕ್ಕೆ ಸರಾಸರಿ 2.5 ಮೀ/ಸೆ² ದಾಟಿದರೆ ಮಾಲೀಕ ಕ್ರಮ ಕೈಗೊಳ್ಳಬೇಕೆಂದೂ, 5 ಮೀ/ಸೆ² ದಾಟಲೇಬಾರದೆಂದೂ ಗೊತ್ತುಪಡಿಸಿತು. ಎಡವಟ್ಟಾಗುವುದು ಹೊತ್ತನ್ನು ಲೆಕ್ಕ ಹಾಕುವ ರೀತಿಯಲ್ಲಿ. ತೀವ್ರತೆ ಇಮ್ಮಡಿಯಾದರೆ ಸುರಕ್ಷಿತ ಹೊತ್ತು ಅರ್ಧವಾಗುವುದಿಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ತೀವ್ರತೆಯ ವರ್ಗಕ್ಕೆ, ಎಂದರೆ ಅದನ್ನು ಅದರಿಂದಲೇ ಗುಣಿಸಿದ ಸಂಖ್ಯೆಗೆ ತಕ್ಕಂತೆ, ಹೊತ್ತು ಕರಗುತ್ತದೆ. ರಸ್ತೆ ಅಗೆಯುವ ಬ್ರೇಕರಿನ ಕಂಪನ ಸಾಮಾನ್ಯವಾಗಿ 12 ಮೀ/ಸೆ² ಸುತ್ತಮುತ್ತ ಇರುತ್ತದೆ. ಈ ಲೆಕ್ಕದಲ್ಲಿ ಅಂತಹ ಯಂತ್ರವನ್ನು 21 ನಿಮಿಷ ಒತ್ತಿದರೆ 2.5ರ ಮೊದಲ ಗೆರೆ, 83 ನಿಮಿಷ ಒತ್ತಿದರೆ 5ರ ಕಡೆಯ ಗೆರೆ. ಗೋಡೆ ಕೆಡವುವ ಹ್ಯಾಮರ್ 15 ಮೀ/ಸೆ² ಕಂಪಿಸುವುದಾದರೆ ಒಂದು ಗಂಟೆಯೂ ಸಿಗುವುದಿಲ್ಲ. 53 ನಿಮಿಷಕ್ಕೆ ದಿನದ ಪಾಲು ಮುಗಿದಿರುತ್ತದೆ. 6 ಮೀ/ಸೆ² ಕಂಪಿಸುವ ಗ್ರೈಂಡರಿಗಾದರೆ ಐದೂವರೆ ಗಂಟೆಯವರೆಗೆ ಅವಕಾಶವಿದೆ.

ಈ ನಿಮಿಷಗಳು ಗುಂಡಿ ಒತ್ತಿ ಹಿಡಿದ ನಿಮಿಷಗಳು ಎಂಬುದನ್ನು ಮರೆಯಬಾರದು. ಬೆಳಗಿನಿಂದ ಸಂಜೆಯವರೆಗೆ ಹೊಡೆದೆ ಎನ್ನುವವನ ಯಂತ್ರ ನಿಜವಾಗಿ ಓಡಿದ್ದು ಎರಡೂವರೆ ಗಂಟೆ ಇರಬಹುದು. ಉಳಿದ ಹೊತ್ತು ಚೂರು ಎತ್ತಿಹಾಕಲು, ಉಳಿ ಬದಲಿಸಲು, ಟೀ ಕುಡಿಯಲು ಹೋಗಿರುತ್ತದೆ. ಎರಡೂವರೆ ಗಂಟೆಯೇ ಆದರೂ ಮೇಲಿನ ಲೆಕ್ಕದಲ್ಲಿ ಅದು ಕಡೆಯ ಗೆರೆಯಿಂದ ಬಹಳ ಆಚೆಗಿದೆ. ಯಂತ್ರದ ಜೊತೆ ಬರುವ ಪುಸ್ತಿಕೆಯಲ್ಲಿ ತಯಾರಕರು ಅದರ ಕಂಪನದ ಅಂಕಿಯನ್ನು ಮುದ್ರಿಸಿರುತ್ತಾರೆ. ಆದರೆ ಅದು ಪ್ರಯೋಗಾಲಯದ ಅಂಕಿ. ಮೊಂಡಾದ ಉಳಿ, ಸವೆದ ಸ್ಪ್ರಿಂಗು, ಗಟ್ಟಿ ಬಂಡೆ ಸೇರಿದರೆ ನೆಲದ ಮೇಲಿನ ಅಂಕಿ ಅದಕ್ಕಿಂತ ಬಹಳ ಹೆಚ್ಚಾಗಿರಬಹುದು. ಹಲವು ಕೈ ದಾಟಿ ಬರುವ ದಿನಬಾಡಿಗೆಯ ಯಂತ್ರದ ಜೊತೆ ಆ ಪುಸ್ತಿಕೆ ಬರುವುದಂತೂ ಕನಸು.

ಗ್ರೈಂಡರಿಗೆ ಐದೂವರೆ ಗಂಟೆ ಸಿಕ್ಕಿತಲ್ಲ, ಅದನ್ನು ನೋಡಿ ಸಮಾಧಾನಪಡುವ ಮೊದಲು ಒಂದು ವಿಷಯ ತಿಳಿದಿರಬೇಕು. ಜಗತ್ತು ಅನುಸರಿಸುವ 2001ರ ಐಎಸ್‌ಒ 5349 ಮಾನದಂಡ ಎಲ್ಲ ಆವರ್ತನಗಳನ್ನೂ ಸಮನಾಗಿ ತೂಗುವುದಿಲ್ಲ. 8ರಿಂದ 16 ಹರ್ಟ್ಜ್ ನಡುವಿನ ಕಂಪನಕ್ಕೆ ಅದು ಹೆಚ್ಚಿನ ತೂಕ ಕೊಡುತ್ತದೆ. ಅಲ್ಲಿಂದ ಮೇಲಕ್ಕೆ ಆವರ್ತನ ಹೆಚ್ಚಿದಷ್ಟೂ ತೂಕ ಇಳಿಸುತ್ತಾ ಹೋಗುತ್ತದೆ. 180 ಹರ್ಟ್ಜ್ ತಲುಪುವ ಹೊತ್ತಿಗೆ ಅಳೆದ ಕಂಪನದ ಹತ್ತನೇ ಒಂದು ಪಾಲಿಗಿಂತ ಕಡಿಮೆ ಮಾತ್ರ ಲೆಕ್ಕಕ್ಕೆ ಸೇರುತ್ತದೆ. ವೇಗದ ಕಂಪನ ಬೆರಳಿನಲ್ಲಿಯೇ ಖರ್ಚಾಗುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಬೆರಳಿನ ಹಾನಿಯನ್ನು ಈ ತೂಕ ಕಡಿಮೆ ಅಂದಾಜು ಮಾಡುತ್ತಿದೆ ಎಂದು ಹಲವು ಸಂಶೋಧಕರು ಆಕ್ಷೇಪಿಸುವುದರಲ್ಲಿ ಅರ್ಥವಿದೆ ಎನಿಸುತ್ತದೆ. ಇನ್ನೊಂದು ಕೊರತೆಯೂ ಇದೆ. ದಿನಕ್ಕೆ ಇಷ್ಟು ಕಂಪನವಾದರೆ ಎಷ್ಟು ವರ್ಷಕ್ಕೆ ನೂರರಲ್ಲಿ ಹತ್ತು ಮಂದಿಗೆ ತೊಂದರೆ ಬರುತ್ತದೆ ಎಂಬುದಕ್ಕೆ ಆ ಮಾನದಂಡದಲ್ಲಿ ಒಂದು ಸೂತ್ರವಿದೆ. ದಿನಕ್ಕೆ 5 ಮೀ/ಸೆ² ಆದರೆ ಸುಮಾರು ಆರು ವರ್ಷ, 2.5 ಆದರೆ ಸುಮಾರು ಹನ್ನೆರಡು ವರ್ಷ. ಆದರೆ ಈ ಸೂತ್ರ ಎಣಿಸುವುದು ಬೆರಳು ಬಿಳಿಚುವುದನ್ನು ಮಾತ್ರ. ನರದ ಹಾನಿಗೆ ಅಂತಹ ಸೂತ್ರ ಅದರಲ್ಲಿಲ್ಲ. ಬಿಳಿಚದ ಊರಿನಲ್ಲಿ ಆ ವರ್ಷಗಳನ್ನು ನೆಚ್ಚಿಕೊಂಡು ಕುಳಿತರೆ ಎಚ್ಚರಿಕೆಯ ಗಂಟೆ ಬಾರಿಸುವುದೇ ಇಲ್ಲ.

ಫಿನ್ಲೆಂಡಿನ ಮರಕಡಿಯುವವರ ಕಥೆ ಇದನ್ನೇ ಬೇರೆ ದಿಕ್ಕಿನಿಂದ ತೋರಿಸುತ್ತದೆ. ಯಂತ್ರಗರಗಸಗಳ ಹಿಡಿಕೆಗೆ ಕಂಪನ ತಡೆಯುವ ರಬ್ಬರ್ ಜೋಡಣೆ ಬಂದ ಮೇಲೆ, 1972ರಿಂದ 1990ರ ನಡುವೆ ಅವರಲ್ಲಿ ಬಿಳಿ ಬೆರಳಿನ ಪ್ರಮಾಣ ಶೇ 40ರಿಂದ ಶೇ 5ಕ್ಕೆ ಇಳಿಯಿತು. ಇದು ಔದ್ಯೋಗಿಕ ಆರೋಗ್ಯದ ದೊಡ್ಡ ಗೆಲುವುಗಳಲ್ಲಿ ಒಂದು. ಆದರೆ ಅದೇ ಜನರಲ್ಲಿ ಕೈ ಮರಗಟ್ಟುವಿಕೆ ಶೇ 78ರಿಂದ ಇಳಿದು ನಿಂತದ್ದು ಶೇ 28ರಲ್ಲಿ. ರಕ್ತನಾಳ ಚೇತರಿಸಿಕೊಂಡಷ್ಟು ಸಲೀಸಾಗಿ ನರ ಚೇತರಿಸಿಕೊಳ್ಳಲಿಲ್ಲ.

ರೋಗಪತ್ತೆಯಲ್ಲಿ ಕೆಲಸಗಾರ ಎಡವುವ ಜಾಗ ಇನ್ನೊಂದಿದೆ. ಕೈ ಜೋಮಿನ ದೂರು ಹೊತ್ತು ಬಂದವನಿಗೆ ಸಾಮಾನ್ಯವಾಗಿ ನರದ ವಾಹಕತೆಯ ಪರೀಕ್ಷೆ ಬರೆಯುತ್ತಾರೆ. ನರಕ್ಕೆ ಸಣ್ಣ ವಿದ್ಯುತ್ ಕೊಟ್ಟು ಸುದ್ದಿ ಎಷ್ಟು ವೇಗವಾಗಿ ಓಡುತ್ತದೆ ಎಂದು ನೋಡುವ ಪರೀಕ್ಷೆಯದು. ಮಣಿಕಟ್ಟಿನ ಸುರಂಗದಲ್ಲಿ ನರ ಅದುಮಿದ್ದರೆ ಅದು ಚೆನ್ನಾಗಿ ಹಿಡಿದುಕೊಡುತ್ತದೆ. ಆದರೆ ಹಾನಿ ಬೆರಳ ತುದಿಯ ಕಿರುಶಾಖೆಗಳಲ್ಲಿ, ಪರೀಕ್ಷೆ ಮುಟ್ಟುವ ಜಾಗದಿಂದ ಆಚೆಗೆ ಇದ್ದರೆ ವರದಿಯಲ್ಲಿ ‘ನಾರ್ಮಲ್’ ಎಂದೇ ಬರುತ್ತದೆ. ಬಿಸಿ ತಂಪು ತಿಳಿಸುವ ಸಣ್ಣ ತಂತುಗಳನ್ನಂತೂ ಈ ಪರೀಕ್ಷೆ ನೋಡುವುದೇ ಇಲ್ಲ. ಆ ವರದಿ ಹಿಡಿದು ಕೆಲಸಗಾರ ಮತ್ತೆ ಯಂತ್ರಕ್ಕೆ ಮರಳುತ್ತಾನೆ. ಅವನ ಕೈಗೆ ಏನೂ ಆಗಿಲ್ಲವೆಂದು ಮೇಸ್ತ್ರಿಯೂ ನಂಬುತ್ತಾನೆ. ಬೆರಳ ತುದಿಗೆ ಅಳತೆಯ ಕಂಪನ ಕೊಟ್ಟು ಯಾವಾಗ ತಿಳಿಯಿತೆಂದು ಕೇಳುವ ಉಪಕರಣ, ಬಿಸಿ ತಂಪಿನ ಗಡಿ ಅಳೆಯುವ ಉಪಕರಣ ಇರುವ ಕಡೆ ನಿಖರವಾದ ಉತ್ತರ ಸಿಗುತ್ತದೆ. ಅವಿಲ್ಲದ ಕಡೆಯೂ 128 ಹರ್ಟ್ಜ್‌ನ ಶ್ರುತಿಕವೆ, ನೈಲಾನ್ ಎಳೆ, ಎರಡು ಮೊನೆಗಳನ್ನು ಎಷ್ಟು ಹತ್ತಿರ ತರುವವರೆಗೆ ಎರಡೆಂದು ಗುರುತಿಸಬಲ್ಲ ಎಂದು ನೋಡುವ ಪರೀಕ್ಷೆ, ಚಿಕ್ಕ ಕಡ್ಡಿಗಳನ್ನು ರಂಧ್ರಕ್ಕೆ ಸೇರಿಸುವ ಹಲಗೆ, ಇಷ್ಟರಿಂದಲೇ ಬಹಳಷ್ಟು ತಿಳಿಯಬಹುದು.

ಜೋಮು ಹಿಡಿದ ಕೈಗಳೆಲ್ಲ ಕಂಪನದಿಂದಲೇ ಕೆಟ್ಟಿವೆ ಎಂದುಕೊಳ್ಳುವುದೂ ತಪ್ಪು. ಸಕ್ಕರೆ ಕಾಯಿಲೆಯ ಜೋಮು ಸಾಮಾನ್ಯವಾಗಿ ಪಾದದಿಂದ ಶುರುವಾಗುತ್ತದೆ. ಬೆರಳಿಗಿಂತ ಮೊದಲು ಅಂಗಾಲು ಮಂಕಾಗಿದ್ದರೆ ರಕ್ತದ ಸಕ್ಕರೆ ನೋಡಬೇಕು. ಮಾಂಸ, ಹಾಲು, ಮೊಟ್ಟೆ ಕಡಿಮೆ ತಿನ್ನುವವರಲ್ಲಿ ಬಿ12 ವಿಟಮಿನ್ ಕೊರತೆ, ದೀರ್ಘಕಾಲದ ಕುಡಿತ, ಥೈರಾಯ್ಡ್ ಮಂದಗತಿ, ಕುತ್ತಿಗೆಯ ಮೂಳೆ ಸವೆತ ಎಲ್ಲವೂ ಇದೇ ದೂರನ್ನು ತರಬಲ್ಲವು. ನಮ್ಮಲ್ಲಿ ವಿಶೇಷವಾಗಿ ನೆನಪಿಡಬೇಕಾದ್ದು ಕುಷ್ಠರೋಗ. ಸ್ಪರ್ಶ ತಿಳಿಯದ ತಿಳಿಬಣ್ಣದ ಮಚ್ಚೆ, ಮೊಣಕೈ ಹಿಂಬದಿಯಲ್ಲಿ ಕೈಗೆ ಸಿಗುವಷ್ಟು ದಪ್ಪಗಾದ ನರ ಇದ್ದರೆ ತಡಮಾಡದೆ ಆ ದಾರಿಯಲ್ಲಿ ಪರೀಕ್ಷೆ ನಡೆಯಬೇಕು, ಏಕೆಂದರೆ ಅದಕ್ಕೆ ಪೂರ್ಣ ಗುಣಪಡಿಸುವ ಔಷಧವಿದೆ. ಇಷ್ಟು ಕಾಯಿಲೆಗಳ ನಡುವೆ ಕಂಪನವನ್ನು ಬೇರ್ಪಡಿಸುವುದು ಯಾವುದೋ ದುಬಾರಿ ಯಂತ್ರದಿಂದಲ್ಲ. ಏನು ಕೆಲಸ, ಯಾವ ಯಂತ್ರ, ದಿನಕ್ಕೆ ಎಷ್ಟು ಹೊತ್ತು, ಎಷ್ಟು ವರ್ಷ ಎಂಬ ನಾಲ್ಕು ಪ್ರಶ್ನೆಗಳಿಂದ. ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಅವು ಕೇಳದೆ ಉಳಿಯುವ ಸಾಧ್ಯತೆ ಹೆಚ್ಚಿರುವುದರಿಂದ, ಕೆಲಸಗಾರ ತಾನೇ ಬಾಯಿಬಿಟ್ಟು ಹೇಳುವುದು ಒಳ್ಳೆಯದು.

ಚಿಕಿತ್ಸೆಯ ಮಾತು ಚಿಕ್ಕದು. ಸತ್ತ ಬೆರಳ ನರವನ್ನು ಮರಳಿ ಬೆಳೆಸುವ ಔಷಧವಿಲ್ಲ. ವಿಟಮಿನ್ ಮಾತ್ರೆ ಕೊರತೆ ಇದ್ದವರಿಗೆ ಮಾತ್ರ ಉಪಯೋಗ. ಮೊದಲ ಹಂತದಲ್ಲಿಯೇ ಯಂತ್ರ ಬಿಟ್ಟವರಿಗೆ ಸುಧಾರಣೆಯ ಆಸೆ ಇದೆ. ಮೂರನೆಯ ಹಂತದವರಲ್ಲಿ ಬಿಟ್ಟರೂ ಹಾನಿ ಬಹುಮಟ್ಟಿಗೆ ಉಳಿಯುತ್ತದೆ. ಮಣಿಕಟ್ಟಿನ ಸುರಂಗದ ಒತ್ತಡವನ್ನು ಬೇರ್ಪಡಿಸಿ ನೋಡಬೇಕೆಂದದ್ದು ಈ ಕಾರಣಕ್ಕೆ: ಅಲ್ಲಿ ನಾರುಪಟ್ಟಿಯನ್ನು ಬಿಡಿಸುವ ಸಣ್ಣ ಶಸ್ತ್ರಕ್ರಿಯೆಯಿಂದ ರಾತ್ರಿಯ ಜೋಮಾದರೂ ಹೋಗಬಹುದು. ಆದರೆ ಶಸ್ತ್ರಕ್ರಿಯೆ ಆದ ಕೈ ಮತ್ತೆ ಅದೇ ಬ್ರೇಕರ್ ಹಿಡಿದರೆ ಅದರ ಫಲ ಬಹಳ ದಿನ ಉಳಿಯಲಾರದು.

ಹಾಗಾದರೆ ತಡೆಯುವುದು ಹೇಗೆ ಎಂದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಕೈಗವಸು. ಕಂಪನ ತಡೆಯುವುದೆಂದು ಮಾರುವ ಕೈಗವಸುಗಳ ಮೇಲೆ ನನಗೆ ಹೆಚ್ಚಿನ ನಂಬಿಕೆಯಿಲ್ಲ. ಸುಮಾರು 150 ಹರ್ಟ್ಜ್‌ಗಿಂತ ಕೆಳಗೆ ಅವು ತಡೆಯುವುದು ಅತ್ಯಲ್ಪ. 20 ಹರ್ಟ್ಜ್‌ನ ಬ್ರೇಕರಿನ ಮುಂದೆ ಅವು ಬರಿಯ ಬಟ್ಟೆ. ದಪ್ಪ ಕೈಗವಸಿನಿಂದ ಹಿಡಿತ ಬಿಗಿಯಾಗಬೇಕಾಗಿ ಬಂದು ಕೆಡುಕೇ ಹೆಚ್ಚಬಹುದು. ಕೈ ಕುಯ್ಯದಂತೆ, ಗುಳ್ಳೆ ಏಳದಂತೆ ಕೈಗವಸು ಬೇಕು, ಅಷ್ಟೇ.

ಫಲ ಕೊಡುವುದು ಕೈಯಿಂದ ಯಂತ್ರವನ್ನು ದೂರ ಮಾಡುವ ಉಪಾಯಗಳು. ಜೆಸಿಬಿಯ ತೋಳಿಗೆ ಜೋಡಿಸಿದ ಬ್ರೇಕರ್ ನಿವೇಶನದೊಳಗೆ ಇಳಿಯುವ ಹಾಗಿದ್ದರೆ ಕೈಯ ಬ್ರೇಕರ್ ಬೇಡ. ಇಳಿಯದ ಕಿರಿದಾದ ನಿವೇಶನಗಳಲ್ಲಿ ರಂಧ್ರ ಕೊರೆದು, ಉಬ್ಬುವ ರಾಸಾಯನಿಕ ಪುಡಿಯನ್ನು ನೀರಿನಲ್ಲಿ ಕಲಸಿ ತುಂಬಿ, ರಾತ್ರಿಯಿಡೀ ಬಿಟ್ಟರೆ ಬಂಡೆ ತಾನೇ ಬಿರಿಯುತ್ತದೆ. ಕೊರೆಯುವ ಹೊತ್ತಿನ ಕಂಪನ ಉಳಿದರೂ ಗಂಟೆಗಟ್ಟಲೆ ಗುದ್ದುವುದು ತಪ್ಪುತ್ತದೆ. ಮನೆ ಕಟ್ಟುವವರ ಕೈಯಲ್ಲಿಯೂ ಒಂದಿಷ್ಟಿದೆ. ಗಿಲಾವು ಆದ ಗೋಡೆಯನ್ನು ಮತ್ತೆ ಕೊರೆದು ವಿದ್ಯುತ್ ಪೈಪ್ ಕೂರಿಸುವುದು, ಹಾಸಿದ ಟೈಲ್ಸ್ ಇಷ್ಟವಾಗಲಿಲ್ಲವೆಂದು ಕೀಳಿಸುವುದು, ಬಚ್ಚಲಿನ ಜಾಗ ಬದಲಿಸಲು ಕಾಂಕ್ರೀಟ್ ಒಡೆಸುವುದು, ಇವೆಲ್ಲ ನಕ್ಷೆಯ ಹಂತದಲ್ಲಿ ಮಾಡದ ಯೋಚನೆಗೆ ಇನ್ನೊಬ್ಬನ ಬೆರಳು ತೆರುವ ದಂಡ. ಉಳಿಯನ್ನು ದಿನವೂ ಹರಿತ ಮಾಡಿಸಿದರೆ ಅದೇ ಕೆಲಸ ಕಡಿಮೆ ನಿಮಿಷದಲ್ಲಿ ಮುಗಿಯುತ್ತದೆ, ಉಳಿದ ನಿಮಿಷಗಳು ನರಕ್ಕೆ ಲಾಭ. ಒಬ್ಬನೇ ದಿನವಿಡೀ ಹೊಡೆಯುವ ಬದಲು ಮೂವರು ಸರದಿಯಲ್ಲಿ ಹೊಡೆಯುವುದು, ಯಂತ್ರದ ಭಾರವೇ ಕೆಲಸ ಮಾಡುವಂತೆ ಸಡಿಲವಾಗಿ ಹಿಡಿಯುವುದು, ಬೀಡಿ ಸಿಗರೇಟು ಕಡಿಮೆ ಮಾಡುವುದು ಸಹ ಸಹಾಯಕ. ಹೊಗೆಸೊಪ್ಪಿನ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ.

ಕಾನೂನಿನ ಕಡೆ ನೋಡಿದರೆ ಬಿಳಿ ಬೆರಳಿನ ಕಥೆಯೇ ಮರುಕಳಿಸುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2010ರಲ್ಲಿ ಪರಿಷ್ಕರಿಸಿದ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿ ಕಂಪನದಿಂದ ಬರುವ ಕಾಯಿಲೆಗಳು ಇವೆ, ನರದ ಹಾನಿಯೂ ಹೆಸರು ಹೇಳಿ ಸೇರಿದೆ. ನಮ್ಮ 1948ರ ಕಾರ್ಖಾನೆಗಳ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಸೀಸದ ವಿಷ, ಸಿಲಿಕೋಸಿಸ್, ಸದ್ದಿನಿಂದ ಬರುವ ಕಿವುಡುತನ ಇದ್ದವು, ಕಂಪನ ಇರಲಿಲ್ಲ; 2025ರಲ್ಲಿ ಅದರ ಜಾಗಕ್ಕೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯ ಅನುಸೂಚಿಯಲ್ಲಿಯೂ ಇಲ್ಲ. ಅನುಸೂಚಿಯಲ್ಲಿ ಹೆಸರಿದ್ದರೆ ಆ ಕಾಯಿಲೆ ಕಂಡ ವೈದ್ಯ ಅದನ್ನು ವರದಿ ಮಾಡಲೇಬೇಕು. ಹೆಸರಿಲ್ಲದ್ದನ್ನು ವರದಿ ಮಾಡುವ ಕಟ್ಟುಪಾಡಿಲ್ಲ, ವರದಿಯಾಗದ್ದು ಅಂಕಿಸಂಖ್ಯೆಯಲ್ಲಿ ಮೂಡುವುದಿಲ್ಲ. ಹೀಗಾಗಿ ಒಂದೇ ಗ್ರೈಂಡರ್ ಒಬ್ಬನ ಕಿವಿಯನ್ನೂ ಬೆರಳನ್ನೂ ಒಟ್ಟಿಗೆ ಕೆಡಿಸಿದರೆ ಕಿವಿಯದ್ದು ದಾಖಲಾಗಬಹುದು, ಬೆರಳಿನದ್ದು ಆಗುವುದಿಲ್ಲ. ಇನ್ನು ಕಟ್ಟಡದ ಕೆಲಸವಂತೂ ಕಾರ್ಖಾನೆಯ ಗೋಡೆಯ ಹೊರಗೇ ನಡೆಯುವುದು. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬಂದು ಒಂದು ನಿವೇಶನದಿಂದ ಇನ್ನೊಂದಕ್ಕೆ, ಒಬ್ಬ ಗುತ್ತಿಗೆದಾರನಿಂದ ಇನ್ನೊಬ್ಬನಿಗೆ ದಾಟುವವನು ಹತ್ತು ವರ್ಷದಲ್ಲಿ ಯಾವ ಯಂತ್ರವನ್ನು ಎಷ್ಟು ಹಿಡಿದ ಎಂಬುದಕ್ಕೆ ಯಾರ ಬಳಿಯೂ ಲೆಕ್ಕವಿರುವುದಿಲ್ಲ.

ಆ ಲೆಕ್ಕ ಇಡುವುದು ಕಷ್ಟದ ಕೆಲಸವೇನಲ್ಲ. ಪ್ರತಿ ನಿವೇಶನದಲ್ಲಿಯೂ ಮೇಸ್ತ್ರಿಯ ಬಳಿ ಹಾಜರಿ ಪುಸ್ತಕವಿರುತ್ತದೆ, ಅದರಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಪೂರ್ತಿ ದಿನ, ಅರ್ಧ ದಿನ, ಮುಂಗಡ ಎಂದು ಗೆರೆಗಳಿರುತ್ತವೆ. ಬ್ರೇಕರ್ ಹಿಡಿದವನ ಹೆಸರಿನ ಮುಂದೆ ಯಂತ್ರದ ಹೆಸರು ಮತ್ತು ಅದು ಓಡಿದ ನಿಮಿಷಗಳಿಗೆ ಇನ್ನೊಂದು ಗೆರೆ ಎಳೆದರೆ ಸಾಕು. ಯಂತ್ರದ ಬಾಡಿಗೆಯನ್ನು ದಿನದ ಲೆಕ್ಕದಲ್ಲಿ ಕೊಡುವುದರಿಂದ ಯಂತ್ರ ಬಂದದ್ದು ಹೋದದ್ದು ಈಗಾಗಲೇ ಅದೇ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿರುತ್ತದೆ.